ಅಣ್ಣ ತಂದ ಕಸದ ಚೀಲ

ತವರಿನಿಂದ ಚೀಲ ಬಂತೆಂದರೆ ಈ ವಯಸ್ಸಿನಲ್ಲೂ ನನ್ನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಅವರೆಕಾಯೋ, ಬಾಳೆಗೊನೆಯೋ, ತೆಂಗಿನಕಾಯೋ, ಏನಾದರೂ ಇದ್ದೇ ಇರುತ್ತದೆ. ಅದಕ್ಕೇ ಆ ಬೇಸಿಗೆಯ ಬೆಳಿಗ್ಗೆ ಅಣ್ಣನ ಮೊಪೆಡ್ಡು ಗೇಟಿನ ಹತ್ತಿರ ನಿಂತು, ಹಿಂದೆ ಕಟ್ಟಿದ್ದ ದಪ್ಪ ಚೀಲ ಕಣ್ಣಿಗೆ ಬಿದ್ದದ್ದೇ, ಒಲೆಯ ಮೇಲಿನ ಹಾಲನ್ನು ಅದರ ಪಾಡಿಗೆ ಬಿಟ್ಟು ಓಡಿದೆ. ಅಣ್ಣ ಚೀಲದ ಬಾಯಿ ಬಿಚ್ಚಿ, ನಾನು ಆಗತಾನೆ ಬಿಟ್ಟಿದ್ದ ರಂಗೋಲಿಯ ಮೇಲೆ ಸುರಿದ. ಬಿದ್ದದ್ದು ಕಸ. ಹಾಲಿನ ಕವರು, ಹಳಸಿದ ಚಿತ್ರಾನ್ನ, ತಲೆಕೂದಲಿನ ಉಂಡೆ, ಮಗಳು ಆನ್‌ಲೈನಿನಲ್ಲಿ ತರಿಸಿಕೊಂಡಿದ್ದ ಚಪ್ಪಲಿಯ ಡಬ್ಬ. ಡಬ್ಬದ ಮೇಲೆ ನಮ್ಮ ಯಜಮಾನರ ಹೆಸರು, ಮನೆ ನಂಬರು, ಬೀದಿ, ಚಾಮರಾಜನಗರ ಎಂದು ಮುದ್ದಾಗಿ ಅಚ್ಚಾಗಿತ್ತು.

ಅಣ್ಣ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಅಲ್ಲಿಗೇ ಮುಗಿಸುತ್ತಿದ್ದೆ. ಅವನು ಮೆತ್ತಗೆ ಹೇಳಿದ.

“ನಿಮ್ಮ ಕಸ ನಮ್ಮೂರ್ ಹಳ್ಳಕ್ಕೆ ಬೀಳೋದು ನಿಲ್ಲೋಗಂಟ ನಿನ್ ಮನೆ ವಸ್ಲು ತುಳಿಯಕಿಲ್ಲ ಕಣಮ್ಮಿ. ಗೌರಿ ಹಬ್ಬ ಬಂದ್ರೂ ಅಷ್ಟೆ.”

ಕುಡಿಯಲು ನೀರನ್ನೂ ಮುಟ್ಟದೆ ಗಾಡಿ ತಿರುಗಿಸಿಕೊಂಡು ಹೋದ. ಒಳಗೆ ಹಾಲು ಉಕ್ಕಿ ಒಲೆ ಆರಿತ್ತು.

ಗೌರಿ ಹಬ್ಬದ ಮಾತು ನನ್ನ ಕರುಳಿಗೇ ಕೈ ಹಾಕಿತು. ನಮ್ಮ ಕಡೆ ಗೌರಿ ಹಬ್ಬಕ್ಕೆ ಅಣ್ಣತಮ್ಮಂದಿರು ಹೆಣ್ಣುಮಕ್ಕಳ ಮನೆಗೆ ಬಾಗಿನ ತರಬೇಕು. ಮೊರದಲ್ಲಿ ಅಕ್ಕಿ, ಬೆಲ್ಲ, ಕಾಯಿ, ಬಳೆ, ರವಿಕೆ ಕಣ. ಸಾಮಾನೇನು ಮಹಾ, ಅಂಗಡಿ ಬೀದಿಗೆ ಹೋದರೆ ನಾನೇ ಕೊಂಡುಕೊಳ್ಳಬಹುದು. ಆದರೆ ಅಪ್ಪ ಅವ್ವ ಹೋದಮೇಲೆ ನನಗಿನ್ನೂ ತವರಿದೆ ಎಂದು ಹೇಳುವುದು ಅದೊಂದು ಮೊರವೇ. ಮದುವೆಯಾದಂದಿನಿಂದ ಅಣ್ಣ ಒಂದು ವರ್ಷವೂ ತಪ್ಪಿಸಿದವನಲ್ಲ. ಚಳಿಜ್ವರ ಬಂದ ವರ್ಷ ಕಂಬಳಿ ಹೊದ್ದುಕೊಂಡೇ ಬಸ್ಸು ಹತ್ತಿ ಬಂದಿದ್ದ. ಅಂಥವನು ಈ ಸಲ ಬರುವುದಿಲ್ಲ ಎಂದರೆ ಬರುವುದಿಲ್ಲ. ನಮ್ಮ ವಂಶದ ಹಟ ನನಗೆ ಗೊತ್ತಿಲ್ಲವೇ, ನನ್ನಲ್ಲೂ ಬೇಕಾದಷ್ಟಿದೆ.

ನಮ್ಮದು ನಗರದ ಅಂಚಿನ ಹೊಸ ಬಡಾವಣೆ. ಇನ್ನೂ ಯಾರಿಗೂ ಸೇರಿರಲಿಲ್ಲ. ಈ ಕಡೆ ನಗರಸಭೆಯೂ ಅಲ್ಲ, ಆ ಕಡೆ ಪಂಚಾಯ್ತಿಯೂ ಅಲ್ಲ. ಹಾಗಾಗಿ ನಿವಾಸಿಗಳೇ ಸೇರಿ ಕಸಕ್ಕೆ ಒಂದು ಆಟೋ ಗೊತ್ತು ಮಾಡಿದ್ದೆವು. ದಿನ ಬೆಳಗಾದರೆ ಸೀಟಿ ಊದಿಕೊಂಡು ಬರುತ್ತಿತ್ತು, ನಾವು ಬಕೆಟ್ಟು ಬಗ್ಗಿಸಿ ಒಳಗೆ ಹೋಗುತ್ತಿದ್ದೆವು. ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದವರು ಯಾರು? ಆಟೋದವನು ಚಂದಕವಾಡಿ ರಸ್ತೆಯಲ್ಲಿ ಹೋಗಿ, ನನ್ನ ತವರೂರಿನ ಮೋರಿಯ ಪಕ್ಕ ನಿಲ್ಲಿಸಿ, ಹಳ್ಳಕ್ಕೆ ತಳ್ಳಿ ಬರುತ್ತಿದ್ದನಂತೆ.

ಈ ಪುರಾಣವನ್ನೆಲ್ಲ ಹೇಳಿ ನಾನು ಕಣ್ಣೀರು ಹಾಕುತ್ತಿದ್ದರೆ ನಮ್ಮ ಯಜಮಾನರು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ, ವಿಳಾಸದ ಚೀಟಿಯನ್ನಾದರೂ ಕಿತ್ತು ಬಿಸಾಕಬಾರದಿತ್ತೇ ಎಂದರು. ಆ ಮಾತಿಗೆ ಅವರಿಗೆ ಮಧ್ಯಾಹ್ನ ಬರೀ ಅನ್ನ, ತಿಳಿಸಾರು ಸಿಕ್ಕಿತು. ಹಪ್ಪಳ ಕೇಳುವ ಧೈರ್ಯ ಅವರು ಮಾಡಲಿಲ್ಲ.

ಭಾನುವಾರ ಬಡಾವಣೆಯವರೆಲ್ಲ ಪಾರ್ಕಿಗೆಂದು ಬಿಟ್ಟ ಬಯಲಿನಲ್ಲಿ ಸೇರಿದೆವು. ನಾನೇ ಸೇರಿಸಿದೆ, ನಾನೇ ಮೊದಲು ಮಾತಾಡಿದೆ. ಒಬ್ಬರು ಆಟೋದವನದು ತಪ್ಪು ಎಂದರು. ಇನ್ನೊಬ್ಬರು, ಅಷ್ಟಕ್ಕೆಲ್ಲ ಯಾಕೆ ತಲೆನೋವು, ಉಡಿಗಾಲದ ಕಡೆ ಹೋಗೆಂದರಾಯಿತು, ಅಲ್ಲೂ ಬೇಕಾದಷ್ಟು ಜಾಗವಿದೆ ಎಂದರು. ನನಗೆ ಎಲ್ಲಿತ್ತೋ ಸಿಟ್ಟು. ಉಡಿಗಾಲದಲ್ಲೇನು ಮನುಷ್ಯರು ವಾಸ ಮಾಡುವುದಿಲ್ಲವೇ ಎಂದು ಕೇಳಿಬಿಟ್ಟೆ. ಆಗ ಎದುರುಮನೆಯಾಕೆ ಎದ್ದು ನಿಂತರು. ಅವರು ಗುಂಡ್ಲುಪೇಟೆಯವರು, ಮನೆಯೊಳಗೆ ಮಲಯಾಳ ಮಾತಾಡುತ್ತಾರೆ. ತವರಿನವರದು ಅಲ್ಲಿ ಹೈವೇ ಪಕ್ಕದಲ್ಲಿ ಬೇಕರಿ. ಅಲ್ಲಿಯವರೆಗೆ ನನಗೂ ಅವರಿಗೂ ಗೇಟಿನ ಮೇಲಿನ ನಗುವಷ್ಟೇ ಇದ್ದದ್ದು.

“ನಮ್ಮ ಬೇಕರಿ ಮುಂದೆ ಟೂರಿಸ್ಟ್‌ಗಳು ತಿಂದು ಬಿಸಾಕಿ ಹೋಗ್ತಾರೆ. ಅವರು ತಿರುಗಿ ಬರೋದಿಲ್ಲ, ಅದಕ್ಕೆ ಬಿಸಾಕ್ತಾರೆ. ನಾವು ಈ ಊರಿನವರ ಸೊಪ್ಪು ತರಕಾರಿ ದಿನಾ ತಿನ್ನೋರು. ನಾವೂ ಟೂರಿಸ್ಟಾ?”

ನನ್ನ ತವರೂರಿನವರ ಹತ್ತಿರ ಹೋಗಿ ಏನು ಮಾಡಬೇಕೆಂದು ಕೇಳಿಕೊಂಡು ಬರುವುದೆಂದಾಯಿತು. ಯಾರು ಹೋಗುವುದು? ಎಲ್ಲರೂ ನನ್ನ ಮುಖ ನೋಡಿದರು. ನಗರದ ಪರವಾಗಿ ತವರಿಗೆ ರಾಯಭಾರ ಹೋಗುವ ಯೋಗ ನನ್ನ ಹಣೆಯಲ್ಲಿ ಬರೆದಿತ್ತು, ಏನು ಮಾಡುವುದು.

ಎದುರುಮನೆಯಾಕೆಯನ್ನು ಕಟ್ಟಿಕೊಂಡು ಬಸ್ಸು ಹತ್ತಿದೆ. ನಾನು ಬರುತ್ತೇನೆಂದು ತಿಳಿದು ಅಣ್ಣ ಅರಿಶಿನದ ಹೊಲದ ಕಡೆ ಹೋಗಿ ಕುಳಿತಿದ್ದ. ಅತ್ತಿಗೆ ಮಾತ್ರ ಮುದ್ದೆ, ಉಪ್ಸಾರು ಬಡಿಸಿ ನಡೆದದ್ದನ್ನೆಲ್ಲ ಹೇಳಿದಳು. ಅಣ್ಣ ಪಂಚಾಯ್ತಿ ಮೆಂಬರು. ಹಳ್ಳದಲ್ಲಿ ಕಸ ಕಂಡಾಗ ಮೊದಲು ಕಿರುಚಾಡಿದವನು ಅವನೇ. ಯಾರ ಮನೆಯ ಕಸ ಎಂದು ಕೋಲಿನಿಂದ ಕೆದಕಿದ್ದಾರೆ, ಮೊದಲು ಸಿಕ್ಕಿದ್ದೇ ನಮ್ಮ ಯಜಮಾನರ ಹೆಸರಿನ ಡಬ್ಬ. ನಿನ್ನ ತಂಗಿ ತವರಿಗೆ ಉಡುಗೊರೆ ಕಳಿಸಿದ್ದಾಳೆ ಕಣಪ್ಪ ಎಂದು ಟೀ ಅಂಗಡಿಯಲ್ಲಿ ನಕ್ಕರಂತೆ. ಮನೆಗೆ ಬಂದವನು ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ಅದನ್ನು ಕೇಳಿ ನನ್ನ ಸಿಟ್ಟು ಅರ್ಧ ಇಳಿಯಿತು, ಇನ್ನರ್ಧ ಅಭಿಮಾನಕ್ಕೆಂದು ಉಳಿಸಿಕೊಂಡೆ.

ಸಾಯಂಕಾಲ ಊರಿನ ಅರಳಿಕಟ್ಟೆಯಲ್ಲಿ ಮಾತು ನಡೆಯಿತು. ಅಣ್ಣ ಬಂದ, ಆದರೆ ನನ್ನ ಕಡೆ ತಿರುಗದೆ ಎದುರುಮನೆಯಾಕೆಗೇ ಹೇಳಿದ. ಮೊದಲು ಹಳ್ಳ ಶುದ್ಧವಾಗಬೇಕು. ಆಮೇಲೆ ತರಕಾರಿ ಸಿಪ್ಪೆ, ಹೂವು, ಅನ್ನದಂಥ ಹಸಿ ಕಸ ಮಾತ್ರ ಕೊಟ್ಟರೆ ಊರಿನ ಟ್ರಾಕ್ಟರೇ ಬಂದು ಒಯ್ಯುತ್ತದೆ, ಗುಂಡಿಗೆ ಹಾಕಿ ಗೊಬ್ಬರ ಮಾಡಿಕೊಳ್ಳುತ್ತಾರೆ. ಅದರೊಳಗೆ ಒಂದು ಪ್ಲಾಸ್ಟಿಕ್ಕು ಕಂಡರೂ ಟ್ರಾಕ್ಟರು ವಾಪಸ್ಸು. ಎದುರುಮನೆಯಾಕೆ ಒಪ್ಪಿಕೊಂಡರು. ನಾನೂ ಒಪ್ಪಿದೆ, ಅವನು ಕೇಳದಿದ್ದರೂ.

ಮುಂದಿನ ಭಾನುವಾರ ಬಡಾವಣೆಯವರೆಲ್ಲ ಹಳ್ಳಕ್ಕೆ ಇಳಿದ ಸಂಭ್ರಮವನ್ನು ನೋಡಬೇಕಿತ್ತು. ಕೈಗೆ ಗ್ಲೌಸು, ತಲೆಗೆ ಟೋಪಿ, ವಾಕಿಂಗ್ ಬೂಟು. ಬ್ಯಾಂಕಿನ ಸಾಹೇಬರೊಬ್ಬರು ಕಪ್ಪು ಕನ್ನಡಕ ಬೇರೆ ಹಾಕಿಕೊಂಡು ಬಂದಿದ್ದರು. ಊರಿನ ಹೆಂಗಸರು ದಡದ ಮೇಲೆ ಸಾಲಾಗಿ ಕುಳಿತು ಕಡಲೆಕಾಯಿ ಬಿಡಿಸುತ್ತ ನೋಡಿದರು. ಸಾಹೇಬರು ಕೆಸರಿನಲ್ಲಿ ಜಾರಿ ಕುಳಿತಾಗ ಎರಡೂ ಕಡೆಯವರು ಒಟ್ಟಿಗೆ ನಕ್ಕರು. ಅವರೂ ಎದ್ದು ನಕ್ಕರು. ಅಲ್ಲಿಂದ ಬಿಗಿ ಸಡಿಲವಾಯಿತು. ಸ್ವಲ್ಪ ಹೊತ್ತಿಗೆ ಅತ್ತಿಗೆ ಸೀರೆ ಎತ್ತಿಕಟ್ಟಿ ತಾನೂ ಇಳಿದಳು, ಅವಳ ಹಿಂದೆಯೇ ಉಳಿದವರೂ ಇಳಿದರು.

ಮೇಲಿನ ಪದರದಲ್ಲಿದ್ದದ್ದು ನಮ್ಮದೇ, ಒಪ್ಪುತ್ತೇನೆ. ಅಗೆಯುತ್ತ ಹೋದಂತೆ ಬೇರೆ ಮಾಲು ಏಳತೊಡಗಿತು. ಗುಟ್ಕಾ ಚೀಟಿ, ರಸಗೊಬ್ಬರದ ಹರಿದ ಚೀಲ, ಔಷಧಿ ಹೊಡೆದು ಎಸೆದ ಬಾಟಲಿ, ಡ್ರಿಪ್ಪಿನ ಹಳೇ ಪೈಪು. ನಮ್ಮ ಬಡಾವಣೆಯಲ್ಲಿ ಯಾರೂ ಅರಿಶಿನಕ್ಕೆ ಔಷಧಿ ಹೊಡೆಯುವುದಿಲ್ಲವಲ್ಲ! ನಾನು ಪೈಪಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಅಣ್ಣನ ಮುಂದೆ ಹೋಗಿ ನಿಂತೆ.

“ಇದ್ರ ಮೇಲೆ ಯಾರ ಹೆಸ್ರೂ ಅಚ್ಚಾಗಿಲ್ಲ, ಅದಕ್ಕೆ ಬಚಾವಾದೆ ಕಣಣ್ಣ.”

ಅಣ್ಣ ಪೈಪು ನೋಡಿದ, ನೆಲ ನೋಡಿದ. ಕೆನ್ನೆ ನಗಲು ಹೊರಟಿತ್ತು. ಹಲ್ಲು ಕಚ್ಚಿ ತಡೆದುಕೊಂಡು ಆ ಕಡೆ ಹೋದ. ಆದರೆ ಸಂಜೆ ಪಂಚಾಯ್ತಿಯ ಮುಂದೆ ತಾನೇ ಎದ್ದು, ನಮ್ಮೂರಿನ ಪ್ಲಾಸ್ಟಿಕ್ಕನ್ನು ಎಲ್ಲಿಗೆ ಹಾಕುವುದು ಎಂದು ಕೇಳಿದ. ಬಡಾವಣೆಯಲ್ಲಿ ಒಣ ಕಸಕ್ಕೆಂದು ಒಂದು ಶೆಡ್ಡು ಹಾಕುವುದು, ಗುಜರಿಯವರು ಅಲ್ಲಿಗೇ ಬಂದು ಒಯ್ಯುವುದು, ಊರಿನದನ್ನೂ ಅಲ್ಲಿಗೇ ತರುವುದು ಎಂದು ತೀರ್ಮಾನವಾಯಿತು. ಅಂದರೆ ನಮ್ಮ ಸಿಪ್ಪೆ ಅವರಿಗೆ, ಅವರ ಪ್ಲಾಸ್ಟಿಕ್ಕು ನಮಗೆ. ಮದುವೆ ಮಾತುಕತೆಯಲ್ಲೂ ಇಷ್ಟು ಚೊಕ್ಕಟವಾದ ಕೊಡುಕೊಳ್ಳುವಿಕೆಯನ್ನು ನಾನು ಕಂಡಿರಲಿಲ್ಲ.

ಟ್ರಾಕ್ಟರು ಬರತೊಡಗಿತು. ಅಣ್ಣ ಓಡಿಸುತ್ತಿದ್ದ, ಅತ್ತಿಗೆ ಕೋಲು ಹಿಡಿದು ಪ್ರತಿ ಗೇಟಿನಲ್ಲೂ ಬಕೆಟ್ಟು ಕೆದಕಿ ನೋಡುತ್ತಿದ್ದಳು. ಮೊದಲ ವಾರವೇ ಅವಳ ಕೋಲಿಗೆ ಸಿಕ್ಕಿಬಿದ್ದದ್ದು ಯಾರ ಬಕೆಟ್ಟು? ನನ್ನದೇ. ಯಜಮಾನರು ಸ್ನಾನ ಮಾಡಿ ಬಂದವರು ಶಾಂಪೂ ಚೀಟಿಯನ್ನು ಬೀನ್ಸ್ ನಾರಿನ ಜೊತೆ ಸೇರಿಸಿದ್ದರು. ಅತ್ತಿಗೆ ಅದನ್ನು ಕೋಲಿನ ತುದಿಗೆ ಚುಚ್ಚಿ ಎತ್ತಿ, ನಾದಿನಿ ಅಂತ ಬುಡಕಾಗಲ್ಲ ಕಣವ್ವ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಬಕೆಟ್ಟನ್ನು ವಾಪಸ್ಸು ಇಟ್ಟಳು. ಆ ಹೊತ್ತಿಗೆ ಯಜಮಾನರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದರು. ಈಗ ನಮ್ಮ ಮನೆಯಲ್ಲಿ ಕಸ ವಿಂಗಡಿಸುವುದು ಅವರ ಖಾತೆ. ಹಾಲಿನ ಕವರನ್ನು ತೊಳೆದು ತಂತಿಗೆ ಕ್ಲಿಪ್ಪು ಹಾಕಿ ಒಣಗಿಸುತ್ತಾರೆ, ನನ್ನ ಸೀರೆಯನ್ನು ಒಂದು ದಿನವೂ ಹಾಗೆ ಒಣಗಿಸಿದವರಲ್ಲ.

ಬೀದಿಗೆ ಬೀದಿಯೇ ಬದಲಾಯಿತು. ಟ್ರಾಕ್ಟರಿಗೆ ಕಾಯುತ್ತ ನಿಂತವರಿಗೆ ಒಬ್ಬರಿಗೊಬ್ಬರ ಪರಿಚಯವಾಯಿತು. ಅತ್ತಿಗೆ ಎಲ್ಲರ ಬಾಯಲ್ಲೂ ಅಕ್ಕನಾದಳು. ಊರಿನ ಹೆಂಗಸರು ಬಸ್ಸಿಗೆ ಕಾಯುವಾಗ ನಮ್ಮ ಬೀದಿಯ ಮನೆಗಳಲ್ಲಿ ಕುಳಿತು ಕಾಫಿ ಕುಡಿದು ಹೋಗುವಂತಾಯಿತು. ಗುಂಡ್ಲುಪೇಟೆಯಿಂದ ಎದುರುಮನೆಯಾಕೆಯ ತಮ್ಮ ಇದನ್ನೆಲ್ಲ ನೋಡಲೆಂದೇ ಬಂದ. ನಮ್ಮ ಹೈವೇ ಪಕ್ಕದ ಊರುಗಳಲ್ಲೂ ಹೀಗೆ ಮಾತಾಡಿ ನೋಡುತ್ತೇವೆ ಎಂದು ಹೇಳಿ, ಬೀದಿಗೆಲ್ಲ ಬೆಣ್ಣೆ ಬಿಸ್ಕತ್ತು ಹಂಚಿ ಹೋದ. ನನಗೆ ಎಷ್ಟು ಖುಷಿಯಾಗಬೇಕಿತ್ತು! ಆಗುತ್ತಲೂ ಇತ್ತು. ಆದರೆ ದಿನ ಬೆಳಿಗ್ಗೆ ಟ್ರಾಕ್ಟರು ನಮ್ಮ ಗೇಟಿನ ಮುಂದೆ ನಿಂತಾಗ ಅಣ್ಣ ಸ್ಟೇರಿಂಗು ಹಿಡಿದು ನೇರ ರಸ್ತೆಯನ್ನೇ ನೋಡುತ್ತಿದ್ದ. ಬೇರೆ ಮನೆಗಳ ಮುಂದೆ ಇಳಿದು ಮಾತಾಡುವವನು ನಮ್ಮ ಮನೆಯ ಮುಂದೆ ಇಳಿಯುತ್ತಿರಲಿಲ್ಲ. ಹಳ್ಳ ಶುದ್ಧವಾದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವನಿಗೆ ತಿಳಿಯದು, ಬಾ ಎಂದು ಕರೆಯಲು ನನ್ನ ನಾಲಿಗೆ ಏಳದು.

ಶ್ರಾವಣ ಕಳೆದು ಗೌರಿ ಹಬ್ಬ ಬಂತು. ಅತ್ತಿಗೆಯನ್ನು ಕೇಳಿದರೆ, ನಿಮ್ಮಣ್ಣ ಬಾಯಿ ಬಿಡ್ತಿಲ್ಲ ಎಂದಳು. ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಪೂಜೆ ಮುಗಿಸಿ, ಒಬ್ಬಟ್ಟು ಬೇಯಿಸಿ, ಕಿಟಕಿಯ ಹತ್ತಿರ ಕುಳಿತೆ. ಬಸ್ಸು ನಿಲ್ಲುವ ತುದಿ ಅಲ್ಲಿಂದ ಕಾಣುತ್ತದೆ. ಬಸ್ಸು ಬಂತು, ಹೋಯಿತು. ಅವನಿಲ್ಲ. ಮಗಳು ಫೋನಾದರೂ ಮಾಡಮ್ಮ ಎಂದಳು. ಅವಳ ಮೇಲೆ ರೇಗಿದೆ. ಬಿಸಿಲು ಏರಿತು. ಯಜಮಾನರು ಮೆಲ್ಲಗೆ ಬಂದು ಒಂದು ಒಬ್ಬಟ್ಟು ತಿನ್ನು ಎಂದರು. ಅವರ ಮೇಲೂ ರೇಗಿದೆ. ಈ ವರ್ಷ ತಪ್ಪಿದರೆ ಇನ್ನು ಮೇಲೆ ತಪ್ಪಿದ್ದೇ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳಲು ಹೋಗಿ ಕಣ್ಣೆಲ್ಲ ನೀರಾಯಿತು.

ಆಗ ಎದುರುಮನೆಯೊಳಗೆ ದೊಡ್ಡ ನಗು ಕೇಳಿಸಿತು. ಆ ನಗು ನನಗೆ ಗೊತ್ತು. ಬಾಗಿಲು ತೆರೆದು ಅಣ್ಣ ಹೊರಗೆ ಬಂದ. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಬಟ್ಟೆ ಸುತ್ತಿದ ಮೊರ, ಬಾಯಿ ಒರೆಸಿಕೊಳ್ಳುತ್ತಿದ್ದ. ಅವನು ಬಸ್ಸಿನಲ್ಲಿ ಬಂದಿರಲಿಲ್ಲ. ಅವತ್ತು ಟ್ರಾಕ್ಟರನ್ನು ಊರಿನ ಹುಡುಗನೊಬ್ಬನ ಕೈಗೆ ಕೊಟ್ಟು, ಅವನ ಜೊತೆ ಬಂದು ಹಿಂದಿನ ಅಡ್ಡರಸ್ತೆಯಲ್ಲಿ ಇಳಿದಿದ್ದನಂತೆ. ಅಲ್ಲಿಯ ಮೊದಲ ಮನೆಯವರು ಹಬ್ಬದ ದಿನ ಹಾಗೇ ಹೋಗುವುದುಂಟೇ ಎಂದು ಒಳಗೆ ಎಳೆದು ಪಾಯಸ ಕೊಟ್ಟರಂತೆ. ಪಕ್ಕದವರು ಬಿಡುತ್ತಾರೆಯೇ? ನಾನು ಬಸ್ಸು ನಿಲ್ಲುವ ತುದಿಗೆ ಕಣ್ಣು ನೆಟ್ಟು ಅಳುತ್ತ ಕುಳಿತಿದ್ದಷ್ಟು ಹೊತ್ತೂ ಈ ಮಹಾನುಭಾವ ನನ್ನ ಬೆನ್ನ ಹಿಂದೆ ಮನೆಯಿಂದ ಮನೆಗೆ ಕಡುಬು, ಪಾಯಸ ತಿಂದುಕೊಂಡು ಬರುತ್ತಿದ್ದ.

ನಾನು ಗೇಟಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತೆ.

“ಒಂದ್ ಮನೆಗೆ ಅಣ್ಣ ಅಂತ ಬಂದೆ, ಬೀದಿಗೇ ಅಣ್ಣ ಮಾಡ್ಬುಟ್ರು ಕಣಮ್ಮಿ,” ಎಂದ. “ಹೊಟ್ಟೇಲಿ ಜಾಗಿಲ್ಲ.”

ಬೈಯಲು ಬೆಳಗಿನಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಕೈಕಾಲು ತೊಳ್ಕೊ ಬಾ ಎಂದಷ್ಟೇ ಹೇಳಿದೆ. ಅವನು ಅಂಗಳದ ನಲ್ಲಿಯಲ್ಲಿ ತೊಳೆದುಕೊಂಡು, ಬಾಗಿಲ ಮುಂದೆ ಒಂದು ಗಳಿಗೆ ನಿಂತು, ಹೊಸ್ತಿಲು ದಾಟಿ ಒಳಗೆ ಬಂದ. ನಾನು ಸೆರಗು ಒಡ್ಡಿದೆ, ಅವನು ಮೊರ ಇಟ್ಟ. ಅದರ ಭಾರ ಕೈಗೆ ಬಂದದ್ದೇ ತಡ, ಮಗುವಿನ ಹಾಗೆ ಅತ್ತುಬಿಟ್ಟೆ.

“ನಾನು ಬರಕಿಲ್ಲ ಅಂದ್ಕಂಡಿದ್ದಾ?” ಎಂದ.

ಹೂಂ ಎಂದೆ.

ಅಣ್ಣ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡ.

“ನಾನೂ ಹಂಗೇ ಅಂದ್ಕಂಡಿದ್ದೆ ಕಣಮ್ಮಿ.”