ಅವ್ವ ಮನೆ ಮನೆ ಕರೆದ ದಿನ

ತಮ್ಮನ ಮಗಳ ಮದುವೆಗೆ ಇನ್ನು ಹದಿನೈದು ದಿನ ಇದ್ದಾಗ, ಈ ಸಲ ಊರು ಕರೆಯಲು ಅವ್ವನನ್ನು ಕಳಿಸುವುದು ಬೇಡ ಎಂದು ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಮಾಡಿದವನು ನನ್ನ ತಮ್ಮ. ಅವನಿಗೆ ಆಧಾರ, ಕೊಳ್ಳೇಗಾಲದ ಆಸ್ಪತ್ರೆಯಿಂದ ತಂದ ಒಂದು ಹಾಳೆ. ಅದರಲ್ಲಿ ಅವ್ವನ ನೆನಪಿಗೆ ಮೂವತ್ತಕ್ಕೆ ಹನ್ನೆರಡು ಅಂಕ ಬಿದ್ದಿತ್ತು.

ಲೊಕ್ಕನಹಳ್ಳಿ ಕಡೆಯ ನಮ್ಮೂರಿನಲ್ಲಿ ಪತ್ರಿಕೆ ಹಂಚಿದರೆ ಕರೆದ ಹಾಗಾಗುವುದಿಲ್ಲ. ಫೋನಿಗೆ ಪತ್ರಿಕೆಯ ಚಿತ್ರ ಕಳಿಸಿದರಂತೂ ಕರೆಯದೇ ಇರುವುದೇ ವಾಸಿ. ಮನೆಯ ಹಿರಿಯ ಮುತ್ತೈದೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಪ್ರತಿ ಮನೆಯ ಹೊಸ್ತಿಲಿಗೆ ಹೋಗಿ ಬಾಯಿಬಿಟ್ಟು ಕರೆಯಬೇಕು. ಒಂದು ಮನೆ ತಪ್ಪಿತೋ, ಮೊಮ್ಮಕ್ಕಳ ಕಾಲದವರೆಗೂ ಅದನ್ನು ಎತ್ತಿ ಆಡುತ್ತಾರೆ. ಅವ್ವ ಮದುವೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ಈ ಕೆಲಸ ಹಿಡಿದವಳು. ಬೇರೆ ಮನೆಯವರೂ ತಮ್ಮ ಮದುವೆಗೆ ಅವಳನ್ನೇ ಮುಂದೆ ಬಿಟ್ಟುಕೊಂಡು ಹೊರಡುತ್ತಿದ್ದರು. ಅವಳು ಯಾವತ್ತೂ ಯಾರ ಮನೆಯನ್ನೂ ಮರೆತದ್ದಿಲ್ಲ.

ಆದರೆ ಹೋದ ವರ್ಷದಿಂದ ಸಾರಿಗೆ ಎರಡೆರಡು ಸಲ ಉಪ್ಪು ಬೀಳತೊಡಗಿತ್ತು. ಹೇಳಿದ್ದನ್ನೇ ಹೇಳುತ್ತಿದ್ದಳು. ತಮ್ಮ ಗಾಬರಿಯಾದ. ನಾನು ಯಳಂದೂರಿನ ಆಫೀಸಿಗೆ ಒಂದು ದಿನ ರಜೆ ಹಾಕಿ ಬಂದೆ. ಅವ್ವ, ಅಪ್ಪ, ತಮ್ಮ, ನಾನು ನಾಲ್ವರೂ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋದೆವು. ಗಂಡಸರು ಹೊರಗೆ ಬೆಂಚಿನ ಮೇಲೆ ಕೂತರು, ನಾನು ಅವ್ವನ ಜೊತೆ ಒಳಗೆ ಹೋದೆ.

ಪರೀಕ್ಷೆ ಮಾಡಿದವಳು ಒಬ್ಬ ಎಳೆ ವಯಸ್ಸಿನ ಹೆಣ್ಣುಮಗಳು. ತುಂಬಾ ಮರ್ಯಾದಸ್ಥೆ. ಆದರೆ ಹಾಳೆ ನೋಡಿ ಓದುತ್ತಿದ್ದ ಅವಳ ಕನ್ನಡ ಆಕಾಶವಾಣಿಯ ವಾರ್ತೆಯ ಹಾಗಿತ್ತು. ಇಂದಿನ ದಿನಾಂಕವನ್ನು ತಿಳಿಸಿರಿ ಎಂದಳು. ಅಮಾಸೆ ಕಳೆದು ನಾಲ್ಕು ದಿನವಾಯಿತು ಎಂದಳು ಅವ್ವ. ಗೋಡೆಯ ಕ್ಯಾಲೆಂಡರ್ ನೋಡಿದೆ, ನಾಲ್ಕೇ ದಿನ. ಹಾಳೆಯಲ್ಲಿ ಅಮಾಸೆಗೆ ಜಾಗವಿರಲಿಲ್ಲ, ಸೊನ್ನೆ ಬಿತ್ತು. ನಿಮ್ಮ ತಾಲ್ಲೂಕು ಯಾವುದು? ಕೊಳ್ಳೇಗಾಲ. ಜಿಲ್ಲೆ? ಮೈಸೂರು. ಇನ್ನೆರಡು ಸೊನ್ನೆ. ನನಗೆ ಸಿಟ್ಟು ಬಂತು. ದಿನವೂ ತಾಲ್ಲೂಕು ಆಫೀಸಿನ ಕಡತ ತಿರುವುವವಳು ನಾನು. ನಮ್ಮೂರು ಈಗ ಸೇರಿರುವ ಹನೂರು ತಾಲ್ಲೂಕಾಗಿದ್ದು ಮೊನ್ನೆ ಮೊನ್ನೆ. ಚಾಮರಾಜನಗರ ಜಿಲ್ಲೆಯಾಗಿದ್ದು ನಾನು ದೊಡ್ಡವಳಾದ ಮೇಲೆ. ನಾನು ಬಾಯಿ ತೆಗೆಯುವ ಮೊದಲೇ ಅವ್ವ ತಾನೇ ಆ ಹುಡುಗಿಗೆ ಸಮಾಧಾನ ಹೇಳಿದಳು.

"ನಾ ಉಟ್ಟಾಗ ಕೊಯಮತ್ತೂರ್ ಜಿಲ್ಲೆ, ಮದ್ವೆ ಆದಾಗ ಮೈಸೂರು. ಊರು ಅಲ್ಲೇ ಅದ ಕಣವ್ವ, ಆಫೀಸ್ಗಳೇ ತಿರುಗಾಡ್ತವ."

ಆಮೇಲೆ ಗಡಿಯಾರ ಬರೆಯಿರಿ ಎಂದು ಪೆನ್ಸಿಲ್ ಕೊಟ್ಟಳು. ಅವ್ವ ಜನ್ಮದಲ್ಲಿ ಪೆನ್ಸಿಲ್ ಹಿಡಿದವಳಲ್ಲ. ಬಳೆಯ ಹಾಗೆ ದುಂಡಗೆ ಒಂದು ಗೆರೆ ಎಳೆದು, ಸಾಕು ಎಂದು ವಾಪಸು ಕೊಟ್ಟಳು. ಜೊತೆಗೆ ಬಂದ ಯಜಮಾನರ ಹೆಸರೇನು ಎಂದರೆ ಬೆಟ್ಟದ ದಿಕ್ಕಿಗೆ ಕೈ ಮುಗಿದಳು. ಬೆಟ್ಟದ ಸ್ವಾಮಿಯ ಹೆಸರೇ ಅಪ್ಪನಿಗೂ. ನಮ್ಮ ಕಡೆ ಅರ್ಧ ಗಂಡಸರಿಗೆ ಅದೇ ಹೆಸರು. ಗಂಡನ ಹೆಸರನ್ನು ಬಾಯಲ್ಲಿ ಹೇಳುವುದುಂಟೇ? ಅದಕ್ಕೂ ಸೊನ್ನೆ.

ಸೇಬು, ಮೇಜು, ದೀಪ ಎಂದು ಮೂರು ಮಾತು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತೇನೆ ಎಂದಾಗ, ಇದನ್ನು ಯಾರ ಮನೆಗೆ ಹೇಳಬೇಕು ಎಂದು ಕೇಳಿದಳು ಅವ್ವ. ನನಗೇ ಹೇಳಬೇಕು ಎಂದಳು ಹುಡುಗಿ. ನಿನಗೆ ಗೊತ್ತಿರುವುದನ್ನು ನಿನಗೇ ಯಾಕೆ ಹೇಳಲಿ ಎಂದು ಅವ್ವ ನನ್ನ ಮುಖ ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ. ಐದು ನಿಮಿಷ ಬಿಟ್ಟು ಕೇಳಿದಾಗ ದೀಪ ಮಾತ್ರ ಬಂತು. ಸೇಬು, ಮೇಜು ಬರಲೇ ಇಲ್ಲ. ಆವತ್ತು ನಾನು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಹುಡುಗಿ ಮಾತ್ರ ಹೊರಡುವಾಗ ಒಂದು ಒಳ್ಳೆಯ ಮಾತು ಹೇಳಿದಳು: ಇದು ಶಾಲೆಗೆ ಹೋದವರಿಗೆ ಮಾಡಿದ ಪ್ರಶ್ನೆಗಳು, ಇದನ್ನೊಂದೇ ನಂಬಬೇಡಿ. ಬಹಳ ವರ್ಷದಿಂದ ಮಾಡುತ್ತಾ ಬಂದ ಕೆಲಸವನ್ನು ಅಮ್ಮ ಈಗ ಹೇಗೆ ಮಾಡುತ್ತಾರೆ ನೋಡಿ, ಮುಂದಿನ ಸಲ ಬಂದಾಗ ಹೇಳಿ. ಇದನ್ನು ತಮ್ಮನಿಗೆ ಹೇಳಿದರೆ ಅವನ ಕಿವಿಗೆ ಬಿದ್ದದ್ದು ಹನ್ನೆರಡು ಅಂಕ ಒಂದೇ.

ತನ್ನ ಹೆಂಡತಿಯೇ ಊರು ಕರೆಯಲಿ ಎಂದ. ಅವ್ವ ತೊಳೆದಿಟ್ಟಿದ್ದ ಬೆಳ್ಳಿ ಬಟ್ಟಲನ್ನು ಮತ್ತೆ ಗೂಡಿನಲ್ಲಿ ಇಟ್ಟು ಕೊಟ್ಟಿಗೆಗೆ ಹೋದಳು. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಎರಡು ದಿನ ಸರಿಯಾಗಿ ಉಣ್ಣಲೂ ಇಲ್ಲ.

ನಾನೋ, ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ರಜೆ ಮುಂದುವರಿಸಿ ತಮ್ಮನ ಜೊತೆ ಜಗಳಕ್ಕೆ ನಿಂತೆ. ಕೊನೆಗೆ ಒಪ್ಪಂದವಾಯಿತು. ಅವನು ಊರಿನ ಮನೆಗಳ ಪಟ್ಟಿ ಬರೆದುಕೊಡುವುದು, ನಾನು ಅದನ್ನು ಹಿಡಿದು ಅವ್ವನ ಹಿಂದೆ ಹೋಗುವುದು, ಎಲ್ಲೂ ಬಾಯಿ ಬಿಟ್ಟು ನೆನಪಿಸದಿರುವುದು. ಒಂದು ಮನೆ ತಪ್ಪಿದರೂ ಮುಂದೆ ಈ ಕೆಲಸ ಸೊಸೆಗೆ.

ಅವ್ವನಿಗೆ ಒಪ್ಪಂದದ ಸುದ್ದಿ ಹೇಳಲಿಲ್ಲ. ಕರೆಯಲು ಹೋಗೋಣ ಬಾ ಎಂದೆ, ಅಷ್ಟೇ. ಅವಳು ಸೀರೆ ಬದಲಿಸಿ, ಬಟ್ಟಲು ಹಿಡಿದು, ನನಗಿಂತ ಮುಂದೆ ಬೀದಿಗಿಳಿದಳು. ಮೊದಲು ದೇವರ ಗುಡಿ, ಆಮೇಲೆ ಮೂಡಣ ಬೀದಿ. ನಾನು ಪಟ್ಟಿಯಲ್ಲಿ ಗೆರೆ ಹಾಕುವಷ್ಟರಲ್ಲಿ ಅವಳು ಮುಂದಿನ ಹೊಸ್ತಿಲಲ್ಲಿ ಇರುತ್ತಿದ್ದಳು. ಸೋಮವಾರ ಮದುವೆ, ಮನೆಮಂದಿಯೆಲ್ಲಾ ಬರಬೇಕು, ಆವತ್ತು ನಿಮ್ಮನೆ ಒಲೆ ಹಚ್ಚಬಾರದು ಎಂದು ಎಲ್ಲ ಕಡೆ ಅದೇ ಮಾತು. ಜೊತೆಗೆ ಒಬ್ಬರ ಬಾಣಂತಿಯನ್ನು ವಿಚಾರಿಸಿದಳು, ಇನ್ನೊಬ್ಬರ ಜೋಳದ ಹೊಲಕ್ಕೆ ಹಂದಿ ನುಗ್ಗಿದ್ದಕ್ಕೆ ಮರುಗಿದಳು. ತಮ್ಮನ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಎರಡು ಮನೆಗಳಿಗೂ ನುಗ್ಗಿದಳು. ಅದರಲ್ಲೊಂದು ಗಡಿಯ ಆಚೆಯಿಂದ ಬಂದು ಬಾಡಿಗೆಗಿದ್ದ ಸಂಸಾರ. ಅವರನ್ನು ತಮಿಳಿನಲ್ಲೇ ಕರೆದಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಹೋಗಿ ಆ ಹಾಳೆಯನ್ನು ಒಲೆಗೆ ಹಾಕುತ್ತೇನೆ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಪಟ್ಟಿ ಮುಗಿಯಿತು. ಅವ್ವ ಮನೆಯ ಕಡೆ ತಿರುಗಲಿಲ್ಲ. ಬೀದಿಯ ಕೊನೆಯ ಹುಣಸೆಮರದ ಪಕ್ಕದ ಮನೆಗೆ ನಡೆದಳು.

ಆ ಮನೆಯ ಯಜಮಾನಿ ಮತ್ತು ಅವ್ವ ಒಂದೇ ವರ್ಷ ಸೊಸೆಯರಾಗಿ ಬಂದವರು, ಒಂದು ಕಾಲಕ್ಕೆ ಅಕ್ಕತಂಗಿಯರ ಹಾಗಿದ್ದವರು. ಹೊಲದ ಬದುವಿನ ಜಗಳದಲ್ಲಿ ಮಾತು ಬಿಟ್ಟು ಹದಿನೆಂಟು ವರ್ಷವಾಗಿತ್ತು. ಒಂದು ಸಾವಿಗೂ ಹೋಗಿಲ್ಲ, ಒಂದು ತೊಟ್ಟಿಲಿಗೂ ಬಂದಿಲ್ಲ. ನಾನು ಸತ್ತರೂ ಅವಳು ನನ್ನ ಮುಖ ನೋಡಕೂಡದು ಎಂದು ಅವ್ವನೇ ಆಣೆ ಹಾಕಿದ್ದಳು. ತಡೆಯಲು ಸೆರಗಿಗೆ ಕೈ ಚಾಚಿದೆ. ಅಷ್ಟರಲ್ಲಿ ಅವ್ವ ಜಗಲಿ ಹತ್ತಿಬಿಟ್ಟಿದ್ದಳು.

ಆ ಮುದುಕಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆಯೆತ್ತಿ ನೋಡಿ ಹಾಗೇ ಕೂತಳು. ಅವ್ವ ನೇರ ಹೋಗಿ ಅವಳ ಪಕ್ಕ ಕೂತು ಗದರಿಕೊಂಡಳು.

"ಏನವ್ವ, ನಮ್ಮನ ಕಡಿಕೇ ಬರಲ್ಲ? ಎಷ್ಟ್ ದಿನ ಆಯ್ತು ನಿನ್ ನೋಡಿ. ಕಾಲ್ನೋವಾ?"

ಆಗ ನನಗೆ ಗೊತ್ತಾಯಿತು. ಅವ್ವ ಕ್ಷಮಿಸಲು ಬಂದಿರಲಿಲ್ಲ. ಆ ಜಗಳವೇ ಅವಳ ತಲೆಯಲ್ಲಿ ಇರಲಿಲ್ಲ. ಹಾಳೆಯ ಪ್ರಶ್ನೆಗಳೆಲ್ಲ ತಪ್ಪಾಗಿದ್ದರೂ ಅವ್ವನೊಳಗೆ ಏನೋ ಜಾರುತ್ತಿರುವುದು ನಿಜವೇ ಆಗಿತ್ತು. ದುಃಖವಾಯಿತು, ಹೆದರಿಕೆಯೂ ಆಯಿತು. ಮುದುಕಿ ನನ್ನ ಕಡೆ ನೋಡಿದಳು. ನಾನು ಕೈ ಮುಗಿದೆ. ಅವಳು ಮತ್ತೆ ಅವ್ವನ ಮುಖ ನೋಡಿ, ಸೆರಗಿಗೆ ಕೈ ಒರೆಸಿಕೊಂಡಳು.

"ಊ ಕಣಕ್ಕ, ಕಾಲ್ನೋವು. ಅದ್ಕೇ ಬರಕ್ಕಾಗ್ನಿಲ್ಲ. ಈಗ ವಾಸಿ ಆಯ್ತು, ಬತ್ತಿನಿ."

ಅವ್ವ ಅವಳ ಹಣೆಗೆ ಕುಂಕುಮವಿಟ್ಟು, ಸೋಮವಾರ ಒಲೆ ಹಚ್ಚಬಾರದು ಎಂದು ಹೇಳಿ, ಮಡಿಲಿಗೆ ಒಂದು ಹಿಡಿ ಅವರೆಕಾಯಿ ಹಾಕಿಸಿಕೊಂಡು ಎದ್ದಳು. ದಾರಿಯುದ್ದಕ್ಕೂ ಗೆಲುವಾಗಿದ್ದಳು. ನಾನು ಕಣ್ಣು ಒರೆಸಿಕೊಳ್ಳುತ್ತಾ ಹಿಂದೆ ನಡೆದೆ.

ತಮ್ಮ ಬಾಗಿಲಲ್ಲೇ ಕಾಯುತ್ತಿದ್ದ. ಯಾವ ಮನೆಯೂ ತಪ್ಪಿಲ್ಲ ಎಂದು ಪಟ್ಟಿ ಕೊಟ್ಟೆ. ಕೊನೆಯ ಸಾಲಿನಲ್ಲಿ ನಾನು ಬರೆದು ಸೇರಿಸಿದ್ದ ಹುಣಸೆಮರದ ಮನೆಯನ್ನು ನೋಡಿ ಅವನ ಮುಖ ಬಿಗಿಯಿತು. ಅವ್ವ ಒಳಗೆ ಹೋದ ಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಆ ಜಗಳವೇ ಅವಳಿಗೆ ನೆನಪಿಲ್ಲ ಎಂದೆ. ಬದುವಿನ ಜಗಳದಲ್ಲಿ ಅವ್ವನಿಗಿಂತ ಜೋರಾಗಿ ಕೂಗಾಡಿದ್ದವನು ಅವನೇ. ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ.

"ಹಂಗಾರ ನಾವೂ ಮರ್ತುಬುಡವ ಬುಡಕ್ಕ," ಎಂದ. ಆಮೇಲೆ ಅಡುಗೆಯವರಿಗೆ ಐದು ಎಲೆ ಹೆಚ್ಚಿಗೆ ಹೇಳಲು ಫೋನು ಹುಡುಕಿಕೊಂಡು ಒಳಗೆ ಹೋದ.