ಜಗಲಿಗಲ್ಲಿನ ಮೇಲೊಂದು ಹುಲಿ-ಕುರಿ ಆಟ

ತುಮಕೂರಿನ ಹಳೆಯ ಪೇಟೆಯ ಬೀದಿಗಳನ್ನು ಸುತ್ತಿಸಿ ಅವುಗಳ ಇತಿಹಾಸ ಹೇಳುವ ನಡಿಗೆಯೊಂದು ಭಾನುವಾರ ಬೆಳಿಗ್ಗೆ ಇದೆಯೆಂದು ಶೆಟ್ಟಿಹಳ್ಳಿಯ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು. ಅದರ ಕೊನೆಯಲ್ಲಿ, ‘ಹಿರಿಯ ನಾಗರಿಕರು ತಮ್ಮ ಶಕ್ತಿಯನ್ನು ನೋಡಿಕೊಂಡು ಬರತಕ್ಕದ್ದು’ ಎಂಬ ಒಂದು ಸಾಲಿತ್ತು. ನಾನು ಹೆಸರು ಕೊಟ್ಟದ್ದು ಆ ಸಾಲಿಗಾಗಿಯೇ. ನಾನು ಹುಟ್ಟಿ ಬೆಳೆದ ಬೀದಿಯಲ್ಲಿ ನಡೆಯಲು ನನ್ನ ಶಕ್ತಿಯನ್ನು ಅಳೆಯುವ ಅಧಿಕಾರ ಅವರಿಗೆ ಎಲ್ಲಿಂದ ಬಂತೋ ತಿಳಿಯದು.

ಹೊರಡುವ ಜಾಗದಲ್ಲಿ ನನ್ನ ಸೋದರಮಾವನ ಮಗ ಆಗಲೇ ಬಂದು ನಿಂತಿದ್ದ. ಗುಬ್ಬಿಯವನಾದ ಆತ ಹೈಸ್ಕೂಲು ಓದಲೆಂದು ನಮ್ಮ ಮನೆಯಲ್ಲಿದ್ದು ಬೆಳೆದವನು. ಈಗ ಕುಣಿಗಲ್ಲಿನಲ್ಲಿ ಮಗಳ ಜೊತೆ ಇದ್ದಾನೆ. ಬೆಳಗಿನ ಬಸ್ಸು ಹಿಡಿದು ಬಂದಿದ್ದ. ಮದುವೆ ಮುಂಜಿಗಳಲ್ಲಿ ನಾವು ಮಾತನಾಡುತ್ತೇವೆ, ನಗುತ್ತೇವೆ. ಆದರೆ ನಮ್ಮಿಬ್ಬರ ನಡುವೆ ಒಂದು ಮಾತು ಬಾಕಿ ಉಳಿದಿತ್ತು.

ಅದನ್ನು ಹೇಳಬೇಕಾದರೆ ನಮ್ಮ ಹಳೆಯ ಮನೆಯ ಜಗಲಿಯನ್ನು ಹೇಳಬೇಕು. ಬೀದಿಗೆ ಮುಖ ಮಾಡಿದ ಆ ಜಗಲಿಯ ಚಪ್ಪಡಿಯೊಂದರ ಮೇಲೆ, ಕಿಟಕಿಗೆ ಸರಿಯಾಗಿ ಕೆಳಗೆ, ಹುಲಿ-ಕುರಿ ಆಟದ ಮನೆಯನ್ನು ಯಾರೋ ಹಿರಿಯರು ತ್ರಿಕೋನವಾಗಿ ಕೊರೆದಿದ್ದರು. ಒಬ್ಬನಿಗೆ ಮೂರು ಹುಲಿ, ಇನ್ನೊಬ್ಬನಿಗೆ ಹದಿನೈದು ಕುರಿ. ಹುಲಿ ಕುರಿಯ ಮೇಲೆ ಹಾರಿ ಅದನ್ನು ತಿನ್ನುತ್ತದೆ. ಕುರಿಗಳು ಒಟ್ಟಾಗಿ ನಿಂತು ಹುಲಿಗಳು ಅಲುಗಾಡದಂತೆ ಕಟ್ಟಿಹಾಕಬೇಕು. ಸಂಜೆಯಾದರೆ ಗಂಡಸರು ಅಲ್ಲಿ ಕೂರುತ್ತಿದ್ದರು. ನಾನು ದಾವಣಿ ಉಟ್ಟ ವರ್ಷ ಅಜ್ಜಿ ನನ್ನನ್ನು ಅಲ್ಲಿಂದ ಎಬ್ಬಿಸಿದರು. “ಜಗಲಿ ಗಂಡಸ್ರದ್ದು ಕಣೇ. ನಿಂಗೆ ಹಿತ್ಲಿದೆ, ಅಲ್ಲೋಗಿ ಕೂತ್ಕೋ.”

ಅಂದಿನಿಂದ ನಾನು ಆಟ ನೋಡಿದ್ದು ಕಿಟಕಿಯ ಸರಳುಗಳ ಹಿಂದೆ ನಿಂತು. ಒಂದು ಸಂಜೆ ನನ್ನ ತಂದೆ ಕುರಿ ಆಡುತ್ತಿದ್ದರು, ಈ ಸೋದರಮಾವನ ಮಗ ಹುಲಿ. ತಂದೆಯ ಕುರಿಯೊಂದು ಹೋಗುವುದರಲ್ಲಿತ್ತು. ತಡೆಯಲಾರದೆ ಒಳಗಿನಿಂದಲೇ, ಮೂಲೆಯ ಕುರಿಯನ್ನು ಸರಿಸಿ ಎಂದೆ. ಇವನು ತಿರುಗಿಯೂ ನೋಡದೆ, “ಕಿಟಕಿ ಸಂದೀಲಿ ಕುರಿ ಕಾಯೋಳೇ, ಒಲೆ ಮೇಲೆ ಹಾಲು ಉಕ್ತಾ ಇದೆ, ಹೋಗ್ ನೋಡ್ಕೋ” ಅಂದ. ಜಗಲಿಯೆಲ್ಲ ನಕ್ಕಿತು, ತಂದೆಯೂ ನಕ್ಕರು. ಆ ಹೊತ್ತಿನಲ್ಲಿ ಒಲೆಯ ಮೇಲೆ ಹಾಲೇ ಇರಲಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಬಯಸುತ್ತೇನೆ.

ಆ ಮನೆ ಈಗ ಬೇರೆಯವರದು. ಮುಂದಿನ ಕೋಣೆಯಲ್ಲಿ ಹೆಣ್ಣುಮಗಳೊಬ್ಬಳು ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಚರಂಡಿಗಾಗಿ ಜಗಲಿಯ ಅರ್ಧವನ್ನು ಕಡಿದಿದ್ದರೂ ಕಿಟಕಿಯ ಕೆಳಗಿನ ಕಲ್ಲು ಉಳಿದಿದೆ. ನಡಿಗೆಯ ಗುಂಪು ಅಲ್ಲಿ ನಿಂತಾಗ, ವಿವರಿಸುತ್ತಿದ್ದ ಯುವತಿ ಗೆರೆಗಳನ್ನು ತೋರಿಸಿ, “ಇದು ಯಾವುದೋ ಪೂಜೆಯ ಯಂತ್ರ ಇರಬಹುದು” ಎಂದಳು. ಗುಂಪಿನಲ್ಲಿ ಒಬ್ಬರು ಚಪ್ಪಲಿ ಕಳಚಿ ಕೈಮುಗಿದೇಬಿಟ್ಟರು.

ಸೋದರಮಾವನ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. “ಯಂತ್ರನೂ ಇಲ್ಲ ಮಂತ್ರನೂ ಇಲ್ಲ ತಾಯಿ. ಹುಲಿ-ಕುರಿ ಆಟದ ಮನೆ. ಈ ಕಲ್ಲಿನ್ ಮೇಲೆ ನನ್ ಹುಲಿ ಕಟ್ಟಾಕೋರು ಇಡೀ ಪೇಟೇಲಿ ಒಬ್ರೂ ಇರ್ಲಿಲ್ಲ.”

“ಆಡಕ್ಕೆ ಬಿಟ್ಟಿದ್ರೆ ಒಬ್ರು ಇರ್ತಿದ್ರು” ಎಂದೆ.

ಅವನು ನನ್ನನ್ನು ನೋಡಿದ. “ಏನೇ, ಆ ಹಾಲಿನ್ ಮಾತು ಇನ್ನೂ ಇಟ್ಕೊಂಡಿದೀಯ?”

“ನೀನು ವಾಪಸ್ ತಗೊಂಡಿಲ್ವಲ್ಲ, ಇನ್ನೆಲ್ಲಿ ಇಡ್ಲಿ?”

“ಸರಿ, ಕೂತ್ಕೋ. ನಾನ್ ಸೋತ್ರೆ ಇಷ್ಟು ಜನರ್ ಮುಂದೆ ವಾಪಸ್ ತಗೋತೀನಿ. ಗೆದ್ರೆ ಆ ಮಾತು ನೀನು ಇನ್ ಯಾವತ್ತೂ ಎತ್ತಂಗಿಲ್ಲ.”

ಅಷ್ಟು ಬೆಲೆಬಾಳುವ ವಸ್ತುವನ್ನು ನಾನೆಂದೂ ಪಣಕ್ಕಿಟ್ಟವಳಲ್ಲ. ಆದರೂ ಕುಳಿತೆ. ಬೆಳಗಿನ ಬಿಸಿಲು ಇನ್ನೂ ಮುಟ್ಟದ ಆ ಕಲ್ಲು ತಣ್ಣಗಿತ್ತು. ಎದುರಿಗೆ ಬೀದಿ ಇತ್ತು, ಸ್ಕೂಟರುಗಳು ಹೋಗುತ್ತಿದ್ದವು, ಹಾಲಿನವನೊಬ್ಬ ನನ್ನನ್ನು ನೋಡಿಕೊಂಡೇ ದಾಟಿಹೋದ. ಕಾಲು ಇಳಿಬಿಟ್ಟು ಬೀದಿಯನ್ನು ನೋಡುತ್ತ ಕೂರುವುದು ಇಷ್ಟು ಸೊಗಸೆಂದು ಆ ಗಂಡಸರು ಒಬ್ಬರೂ ನನಗೆ ಹೇಳಿರಲಿಲ್ಲ.

ಹೊಲಿಗೆಯವಳು ಡಬ್ಬಿಯಿಂದ ಅಂಗಿಯ ಬಿಳಿಗುಂಡಿಗಳನ್ನು ಕುರಿಗಳಿಗೂ, ಕೋಟಿನ ಕಪ್ಪುಗುಂಡಿಗಳನ್ನು ಹುಲಿಗಳಿಗೂ ಆರಿಸಿಕೊಟ್ಟಳು. ಅವನು ಕೇಳದೆಯೇ ಹುಲಿಗಳನ್ನು ತೆಗೆದುಕೊಂಡ. ಮೊದಲಲ್ಲೇ ನನ್ನದೊಂದು ಕುರಿಯನ್ನು ತಿಂದು, “ಹಾಲು ಉಕ್ತು” ಎಂದು ಗುಂಪಿನ ಕಡೆ ಕಣ್ಣು ಮಿಟುಕಿಸಿದ. ಕಿಟಕಿಯ ಹಿಂದೆ ನಿಂತಷ್ಟೂ ಕಾಲ ನಾನು ನೋಡಿದ್ದು ಆಟಕ್ಕಿಂತ ಹೆಚ್ಚಾಗಿ ಅವನನ್ನು. ತ್ರಿಕೋನದ ತುದಿಯಲ್ಲಿ ಕೂತ ಹುಲಿಯನ್ನು ಕೆಳಗಿಳಿಸುವುದು ಅವನಿಗೆ ಅವಮಾನವೆನಿಸುತ್ತಿತ್ತು, ಈಗಲೂ ಇಳಿಸಲಿಲ್ಲ. ನಾನು ಕುರಿಗಳನ್ನು ಅಂಚಿನಿಂದ ಜೋಡಿಜೋಡಿಯಾಗಿ ತಂದೆ. ಒಂದರ ಬೆನ್ನಿಗೆ ಇನ್ನೊಂದಿದ್ದರೆ ಹುಲಿಗೆ ಹಾರಿ ಇಳಿಯಲು ಜಾಗವಿರುವುದಿಲ್ಲ. ಅವನ ಬೆರಳು ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಯಿತು, ಹಿಂದಕ್ಕೆ ಬಂತು. ಮೂರು ಹುಲಿಗಳಿಗೂ ದಾರಿ ಇರಲಿಲ್ಲ.

ಅವನು ಎದ್ದು ನಿಂತು, ಪಂಚೆ ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ: “ಹಾಲು ಇರ್ಲಿಲ್ಲ. ಇವ್ಳು ಹೇಳಿದ್ ನಡೆ ಸರಿಯಾಗಿತ್ತು. ಇವ್ಳ ಮಾತು ಇವ್ರಪ್ಪ ಕೇಳಿದ್ರೆ ಸೋಲ್ತೀನಿ ಅಂತ ಓಡಿಸ್ದೆ.”

ನಡೆ ಸರಿಯಿತ್ತೆಂಬುದು ನನಗೆ ಗೊತ್ತಿತ್ತು. ಅವನಿಗೂ ಅಂದೇ ಗೊತ್ತಿತ್ತೆಂಬುದು ಗೊತ್ತಿರಲಿಲ್ಲ. ಕೋಪ ಬರಬೇಕಾಗಿತ್ತು, ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು. ಹೊಲಿಗೆಯವಳು ಚಪ್ಪಾಳೆ ತಟ್ಟಿದಳು.

ನೋಡುವುದು ಇನ್ನೂ ಬಹಳವಿದೆಯೆಂದು ಯುವತಿ ಮೆತ್ತಗೆ ನೆನಪಿಸಿದಳು. ನೀವು ನಡೆಯಿರಿ ಎಂದೆವು. ಗುಂಪು ತಿರುವು ದಾಟಿದ ಮೇಲೆ ಅವನು ಬಿಳಿಗುಂಡಿಗಳನ್ನು ತನ್ನ ಕಡೆಗೆ ಎಳೆದುಕೊಂಡ.

“ಈಗ ಹುಲಿ ನಿಂದು. ಪಣಕ್ಕೆ ಏನಿಡ್ತೀಯ?”

“ನಿನ್ ಮದುವೇಲಿ ನನ್ನನ್ನ ಕೊನೇ ಪಂಕ್ತಿಗೆ ಕೂರ್ಸಿದ್ಯಲ್ಲ, ಅದು” ಎಂದೆ.

ಅವನು ನಿಟ್ಟುಸಿರು ಬಿಟ್ಟು ಮೊದಲ ಕುರಿಯನ್ನು ಇಟ್ಟ.