ಬಾಯಾಗಿಂದ ಬರಬೇಕಾದ ಕ್ಷಮಾ

ಮಿರಜದಾಗ ಗಣಪತಿ ಮುಳುಗಿ, ಡೋಲಿನ ಸಪ್ಪಳ ನಿಂತ ಮ್ಯಾಲ ನಮ್ಮ ಜೈನರ ಕ್ಷಮಾವಾಣಿ ಬರ್ತದ. ಹತ್ತು ದಿನದ ಪರ್ವದ ಉಪವಾಸ ಮುಗಿಸಿ, ಬಸ್ತಿಗೆ ಹೋಗಿ ಬಂದು, ವರ್ಷದಾಗ ಯಾರ ಮನಸ್ಸು ನೋಯಿಸಿದ್ರೂ ಅವರ ಮುಂದ ಕೈ ಮುಗದು ಕ್ಷಮಾ ಕೇಳೂ ದಿನ. ಅವರೂ ತಿರುಗಿ ನಮಗ ಕೇಳಬೇಕು. ಇದರಾಗ ಕೊಡಾವ್ರು ಯಾರೂ ಇಲ್ಲ, ಇಬ್ಬರೂ ಕೇಳಾವ್ರ. "ಬಾಯಾಗಿಂದ ಬರಬೇಕು, ಎದುರಾಎದುರು ನಿಂತು" ಅಂತಿದ್ದ ನಮ್ಮಪ್ಪ. ಅರಿಶಿಣದ ವ್ಯಾಪಾರಿ, ಖರೆ ಇಂಥಾದ್ರಾಗ ಬಲು ಬಿಗಿ.

ಎದುರುಮನಿ ಮುಸಲ್ಮಾನ ಚಾಚಾ ಸಿತಾರ ಮಾಡಾಂವ. ಅವಗೂ ಅಪ್ಪ ಕ್ಷಮಾ ಕೇಳ್ತಿದ್ದ. "ಮಾಫ್ ಮಾಡೇನಿ ಅಣ್ಣಾ" ಅಂತ ಚಾಚಾ ನಗತಿದ್ದ. "ನಮ್ಮಲ್ಲಿ ಮನಶ್ಯಾಗ ಮಾಡಿದ ತಪ್ಪು ಆ ಮನಶ್ಯಾನ ಮಾಫ್ ಮಾಡಬೇಕು. ತಪ್ಪು ಮಾಡಿದಾಂವ ಕೇಳದ ಸತ್ತರ, ಅವನ ಪರವಾಗಿ ಮಕ್ಕಳು ಕೇಳ್ತಾರ." ಮಗ್ಗಲಮನಿ ಲಿಂಗಾಯತ ಕಾಳಿನ ಸಾವಕಾರ್ರು, "ನಮಗ ಅದಕ್ಕ ಬ್ಯಾರೆ ದಿನಾ ಇಲ್ರಿ, ತಪ್ಪಾದ ಕೂಡ್ಲೆ ಶರಣು ಅಂದ್ರ ಮುಗೀತು" ಅಂತಿದ್ರು. ಇನ್ನ ಪ್ಯಾಟ್ಯಾಗ ಮರಾಠಿ. ಅಲ್ಲೆ "ಮಾಫ್ ಕರಾ" ಅಂದ್ರ ಭಿಕ್ಷಾ ಬೇಡಾವ್ರಿಗೆ ಮುಂದ ಹೋಗು ಅನ್ನೂ ಮಾತು. ಅಪ್ಪನೂ ಅಂಗಡ್ಯಾಗ ಕುಂತು ದಿನಾ ಅಂತಿದ್ದ.

"ಬೇಡಾಕ ಬಂದವ್ರಿಗೆ ದಿನಾ ಮಾಫ್ ಕೇಳ್ತೀರಿ, ಒಡಹುಟ್ಟಿದವಗ ವರ್ಷಕ್ಕೊಮ್ಮೆ ಆಗಂಗಿಲ್ಲೇನ್ರಿ?" ಅಂತ ಅವ್ವ ಚುಚ್ಚತಿದ್ಲು. ಅಪ್ಪ ಟೊಪ್ಪಿಗಿ ಸರಿ ಮಾಡ್ಕೋತ ಹೊರಗ ಹೋಗಿಬಿಡಾಂವ.

ಅವ್ವ ಅಂತಿದ್ದದ್ದು ನಮ್ಮ ಕಾಕಾನ ಸಲುವಾಗಿ, ಅಪ್ಪನ ತಮ್ಮನ ಸಲುವಾಗಿ. ಎಲ್ಲಾ ಕಡೆ ಹೊಸ ಕಾರಖಾನಿ ಏಳೂ ಕಾಲ. ಅಪ್ಪನ ಕೂಡ ಅಂಗಡಿ ನೋಡತಿದ್ದ ಕಾಕಾ, "ನಾ ಅಂಗಡಿ ಬಿಟ್ಟು ಕುಪವಾಡದ ಎಂಐಡಿಸಿ ಕಾರಖಾನಿ ಏರಿಯಾದಾಗ ವರ್ಕ್‌ಶಾಪ್ ಹಾಕ್ತೇನಿ" ಅಂದ. ಊಟಕ್ಕ ಕುಂತಲ್ಲೆ ಅಪ್ಪ, "ಹಂಗಾರ ಇವತ್ತಿಂದ ನನಗ ತಮ್ಮ ಇಲ್ಲ" ಅಂದುಬಿಟ್ಟ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಕಾಕಾ ತುತ್ತು ತಾಟಿನಾಗ ಇಟ್ಟು ಎದ್ದು ಹೋದ.

ಆ ಮ್ಯಾಲ ಪ್ರತಿ ಕ್ಷಮಾವಾಣಿಗೆ ಅಪ್ಪ ಬಿಳಿ ಅಂಗಿ ಹಾಕ್ಕೊಂಡು ಬಾಗಲಾ ತಗದು ಕಟ್ಟಿ ಮ್ಯಾಲ ಕುಂದ್ರಾಂವ. ಸಣ್ಣಾಂವ ಮೊದಲು ಬರಬೇಕು ಅಂತ ಇವನ ಹಟ. ಮಾತು ಆಡಿದಾಂವ ಮೊದಲು ಕೇಳಬೇಕು ಅಂತ ಅವನ ಹಟ. ಕಾಕಾ ಬರ್ತಿರಲಿಲ್ಲ, ಟಪಾಲಿನಾಗ ಛಾಪಿಸಿದ ಕ್ಷಮಾದ ಕಾರ್ಡ್ ಬರ್ತಿತ್ತು. ಬಂಗಾರದ ಅಕ್ಷರ, ಕೆಳಗ ವರ್ಕ್‌ಶಾಪಿನ ಹೆಸರು. "ಗಿರಾಕಿಗೂ ಅದ, ಅಣ್ಣಗೂ ಅದ! ಲಗ್ನಪತ್ರಿಕಾ ಏನಿದು?" ಅಂತ ಅಪ್ಪ ಒದರಾಡಾಂವ. ಖರೆ ಕಾರ್ಡ್ ಹರೀತಿರಲಿಲ್ಲ. ಊರ ಮಂದಿಗೆಲ್ಲಾ ಕೈ ಮುಗಿಯಾವ್ರು, ಸ್ವಂತ ನೆತ್ತರದ ಮುಂದ ಇಷ್ಟು ಸೊಕ್ಕು! ಈಗ ನೆನಸ್ಕೊಂಡ್ರೂ ಇಬ್ಬರ ಮ್ಯಾಲೂ ಮೈ ಉರೀತದ ನನಗ.

ಕಡೀ ವರ್ಷ ಪರ್ವ ನಡದಾಗ ಅಪ್ಪ ತಾನ ಅಂದ, "ಈ ಸಲ ನಾನ ಕುಪವಾಡಕ್ಕ ಹೋಗಿ ಬರ್ತೇನಿ. ದೊಡ್ಡಾಂವ ಆದ್ರ ಏನಾತು." ಅವ್ವ ಸೆರಗಿನಲೆ ಕಣ್ಣು ಒರಸ್ಕೊಂಡ್ಲು. ಪರ್ವ ಮುಗಿಯೂದರಾಗ ಅಪ್ಪನ ಎದಿ ನಿಂತುಹೋತು. ಚಾಚಾ ಸ್ಕೂಟರ್ ಮ್ಯಾಲ ಹೋಗಿ ಕಾಕಾನ ಕರಕೊಂಡು ಬಂದ. ಕಾಕಾ ಹೆಣದ ಕಾಲು ಹಿಡ್ಕೊಂಡು ಕುಂತ.

ಕ್ಷಮಾವಾಣಿ ದಿನ ಸೂತಕದ ಮನಿ. ಕಾಕಾ ಬಾಗಲದ ಹತ್ರ ಗ್ವಾಡಿಗೆ ಆತು ಕುಂತಿದ್ದ. ಟಪಾಲಿನಾಂವ ಬಂದು ಅವನ ಕೈಯಾಗ ಒಂದು ಪಾಕೀಟು ಕೊಟ್ಟು ಹೋದ. ಕಾಕಾ ತಾನ ಅಪ್ಪಗ ಕಳಿಸಿದ ಕಾರ್ಡ್ ಅದು, ಅಪ್ಪ ಇದ್ದಾಗ ಟಪಾಲಿಗೆ ಹಾಕಿದ್ದು. ಕಾಕಾ ಅದನ್ನ ಕಿಸೇದಾಗ ತುರಕ್ಕೊಳ್ಳಾಕ ಹೋದ. ಅವ್ವ ತಡದ್ಲು.

"ಓದ್ರಿ. ಜೋರಲೆ ಓದ್ರಿ. ನಿಮ್ಮಣ್ಣಗ ಬಾಯಾಗಿಂದ ಬೇಕಿತ್ತು."

ಕಾಕಾ ಅಪ್ಪನ ಫೋಟೋದ ಮುಂದ ನಿಂತು, ಜೋರಲೆ ಎಲ್ಲಾ ಓದಿದ. ಓದಿ ಮುಗದ ಮ್ಯಾಲೂ ಅಲ್ಲೇ ನಿಂತ. ಯಾತಕ್ಕ ನಿಂತಾನ ಅಂತ ನನಗ ತಿಳೀತು. ತಿರುಗಿ ಕೇಳಾವ್ರು ಬೇಕಲ್ಲ. ತಡಕೊಳ್ಳಾಕ ಆಗಲಿಲ್ಲ ನನಗ. ಚಾಚಾ ಹೇಳಿದ್ದು ನೆನಪಾಗಿ, ನಮ್ಮಲ್ಲಿ ಆ ಪದ್ಧತಿ ಇಲ್ಲದಿದ್ರೂ, ಮುಂದ ಹೋಗಿ ಕೈ ಮುಗದೆ. "ಕಾಕಾ, ಅಪ್ಪನ ಪರವಾಗಿ ಮಗಳು ನಾ ಕೇಳ್ತೇನ್ರಿ. ಮಾಫ್ ಮಾಡ್ರಿ."

ಕಾಕಾ ನನ್ನ ಕೈ ಬಿಡಿಸಿ ತಲಿ ಮ್ಯಾಲ ಕೈ ಇಟ್ಟ.

"ನೀ ಅಲ್ಲವ್ವಾ" ಅಂದ. "ಅಂವ ಕೇಳಬೇಕಿತ್ತು."